ಟೇಬಲ್ ಮತ್ತು ಕಾಲಂ ಹೆಸರುಗಳನ್ನು ಪಠ್ಯವಾಗಿ ಕಾಪಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡೇಟಾಬೇಸ್ ಜೊತೆ ದಿನವೂ ಕೆಲಸ ಮಾಡುವವರು, ಅದರಲ್ಲೂ ರಿಪೋರ್ಟ್ ಬರೆಯುವವರು, ದತ್ತಾಂಶವನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವವರು ಮತ್ತು ದಸ್ತಾವೇಜು ತಯಾರಿಸುವವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಮೆನು ಹೆಸರುಗಳು ಮತ್ತು ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೂ ತೆರೆಯ ಮೇಲೆ ಅವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕಾಣುತ್ತವೆ. ಕ್ವೆರಿಯನ್ನೂ, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಆಜ್ಞೆಯನ್ನೂ, ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಹೆಸರು ಕಣ್ಣೆದುರಿಗೇ ಇರುವಾಗ ನೋಡಿಕೊಂಡು ಟೈಪ್ ಮಾಡಿದರೆ ಸಾಲದೇ?

ಎರಡು ಮೂರು ಹೆಸರುಗಳಿದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ತಪ್ಪು ನುಸುಳುವುದು ಬಹುತೇಕ ಖಚಿತ, ಏಕೆಂದರೆ ಹಳೆಯ ಡೇಟಾಬೇಸ್‌ಗಳಲ್ಲಿ ಕಾಲಂ ಹೆಸರುಗಳಲ್ಲಿಯೇ ಕಾಗುಣಿತದ ತಪ್ಪುಗಳು ಉಳಿದುಬಿಟ್ಟಿರುತ್ತವೆ. ಅಡ್ರೆಸ್ ಎಂಬ ಪದದಲ್ಲಿ ಒಂದೇ 'ಡಿ' ಬರೆದು ಹತ್ತು ವರ್ಷಗಳ ಹಿಂದೆ ಯಾರೋ ಟೇಬಲ್ ಸೃಷ್ಟಿಸಿದ್ದರೆ ಇಂದಿಗೂ ಅದೇ ಅದರ ನಿಜವಾದ ಹೆಸರು. ನಮ್ಮ ಬೆರಳುಗಳು ಮಾತ್ರ ಅಭ್ಯಾಸಬಲದಿಂದ ಸರಿಯಾದ ಕಾಗುಣಿತವನ್ನೇ ಬರೆಯುತ್ತವೆ ಮತ್ತು ಕ್ವೆರಿ ಸೋಲುತ್ತದೆ. ಅಂಡರ್‌ಸ್ಕೋರ್ ಒಂದೋ ಎರಡೋ, ಬಹುವಚನವೋ ಏಕವಚನವೋ ಎಂಬ ಗೊಂದಲಗಳೂ ಇದೇ ಜಾತಿಯವು.

ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ಒಂದು ಟೇಬಲ್‌ನ ಎಲ್ಲ ಕಾಲಂ ಹೆಸರುಗಳನ್ನು ಒಮ್ಮೆಲೇ ಪಡೆಯುವುದು ಹೇಗೆ?

ಇದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸನ್ನು ನಿರ್ವಹಿಸುವ ತಂತ್ರಾಂಶ. ಎಡಬದಿಯ ಆಬ್ಜೆಕ್ಟ್ ಎಕ್ಸ್‌ಪ್ಲೋರರ್‌ನಲ್ಲಿ ಬೇಕಾದ ಟೇಬಲನ್ನು ಬಿಡಿಸಿದಾಗ ಅದರ ಕೆಳಗೆ 'ಕಾಲಮ್ಸ್' ಎಂಬ ಫೋಲ್ಡರ್ ಕಾಣುತ್ತದೆ. ಆ ಫೋಲ್ಡರನ್ನು ತೆರೆಯುವ ಅಗತ್ಯವಿಲ್ಲ. ಅದನ್ನೇ ಮೌಸ್‌ನಿಂದ ಹಿಡಿದು ಕ್ವೆರಿ ಬರೆಯುವ ಕಿಟಕಿಗೆ ಎಳೆದು ಬಿಟ್ಟರೆ ಎಲ್ಲ ಕಾಲಂಗಳ ಹೆಸರುಗಳು ಅಲ್ಪವಿರಾಮಗಳೊಂದಿಗೆ ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ. ವರ್ಷಗಟ್ಟಲೆ ಈ ತಂತ್ರಾಂಶವನ್ನು ಬಳಸಿದವರಲ್ಲಿಯೂ ಈ ಸೌಲಭ್ಯ ಗೊತ್ತಿಲ್ಲದವರು ಇದ್ದಾರೆ, ಏಕೆಂದರೆ ಯಾವ ಮೆನುವಿನಲ್ಲಿಯೂ ಇದರ ಸುಳಿವಿಲ್ಲ.

ಇನ್ನೊಂದು ದಾರಿ ಮೆನುವಿನಲ್ಲಿದೆ. ಟೇಬಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಕ್ರಿಪ್ಟ್ ಟೇಬಲ್ ಆ್ಯಸ್', ಅದರೊಳಗೆ 'ಸೆಲೆಕ್ಟ್ ಟು', ಅದರೊಳಗೆ 'ಕ್ಲಿಪ್‌ಬೋರ್ಡ್' ಎಂಬುದನ್ನು ಆರಿಸಿದರೆ ಪೂರ್ತಿ ಸೆಲೆಕ್ಟ್ ವಾಕ್ಯವೇ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ಇದರಲ್ಲಿ ಪ್ರತಿ ಕಾಲಂ ಪ್ರತ್ಯೇಕ ಸಾಲಿನಲ್ಲಿರುವುದರಿಂದ ಬೇಡವಾದ ಸಾಲುಗಳನ್ನು ಅಳಿಸುವುದು ಸುಲಭ. ನನ್ನ ಆಯ್ಕೆ ಸಾಮಾನ್ಯವಾಗಿ ಈ ಎರಡನೆಯದೇ.

ಟೇಬಲ್‌ಗಳ ಹೆಸರುಗಳ ಪಟ್ಟಿ ಮಾತ್ರ ಬೇಕಿದ್ದರೆ?

ಆಬ್ಜೆಕ್ಟ್ ಎಕ್ಸ್‌ಪ್ಲೋರರ್‌ನ ಮರದ ಆಕಾರದ ಪಟ್ಟಿಯಲ್ಲಿ ಹಲವು ಟೇಬಲ್‌ಗಳನ್ನು ಒಟ್ಟಿಗೆ ಆರಿಸಲು ಆಗುವುದಿಲ್ಲ. 'ಟೇಬಲ್ಸ್' ಫೋಲ್ಡರ್ ಮೇಲೆ ನಿಂತು ಎಫ್7 ಒತ್ತಿದರೆ ಬಲಬದಿಯಲ್ಲಿ 'ಆಬ್ಜೆಕ್ಟ್ ಎಕ್ಸ್‌ಪ್ಲೋರರ್ ಡೀಟೇಲ್ಸ್' ಎಂಬ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ, ಕಂಟ್ರೋಲ್ ಸಿ ಒತ್ತಿ, ಎಕ್ಸೆಲ್‌ನಲ್ಲಿ ಪೇಸ್ಟ್ ಮಾಡಬಹುದು.

ಎಳೆದು ತಂದ ಹೆಸರುಗಳ ಸುತ್ತ ಚೌಕ ಆವರಣಗಳು ಏಕೆ ಬರುತ್ತವೆ? ಅವನ್ನು ತೆಗೆಯಬಹುದೇ?

ಹೆಸರಿನ ನಡುವೆ ಖಾಲಿ ಜಾಗವಿದ್ದರೂ, 'ಆರ್ಡರ್' ಅಥವಾ 'ಯೂಸರ್' ಥರದ ಕಾಯ್ದಿರಿಸಿದ ಪದವೇ ಹೆಸರಾಗಿದ್ದರೂ ಕ್ವೆರಿ ಕೆಡಬಾರದು ಎಂಬ ಮುನ್ನೆಚ್ಚರಿಕೆಯಿಂದ ತಂತ್ರಾಂಶ ಹಾಗೆ ಮಾಡುತ್ತದೆ. ಇತ್ತೀಚಿನ ಆವೃತ್ತಿಗಳ 'ಟೂಲ್ಸ್', 'ಆಪ್ಷನ್ಸ್', 'ಎಸ್‌ಕ್ಯೂಎಲ್ ಸರ್ವರ್ ಆಬ್ಜೆಕ್ಟ್ ಎಕ್ಸ್‌ಪ್ಲೋರರ್' ವಿಭಾಗದಲ್ಲಿ ಎಳೆಯುವಾಗ ಆವರಣ ಬೇಕೇ ಬೇಡವೇ ಎಂದು ನಿರ್ಧರಿಸುವ ಆಯ್ಕೆ ಇದೆ. ಕ್ವೆರಿಯಲ್ಲಿ ಬಳಸುವುದಾದರೆ ಆವರಣಗಳನ್ನು ಹಾಗೆಯೇ ಬಿಡುವುದು ಒಳ್ಳೆಯದು. ದಸ್ತಾವೇಜಿಗಾಗಿ ತೆಗೆಯುವುದಾದರೆ ಫೈಂಡ್ ಆ್ಯಂಡ್ ರೀಪ್ಲೇಸ್ ಎರಡು ಬಾರಿ ಮಾಡಿದರೆ ಕೆಲಸ ಮುಗಿಯಿತು.

ಎಫ್2 ಒತ್ತಿ ಹೆಸರನ್ನು ಕಾಪಿ ಮಾಡಿಕೊಳ್ಳುವ ಉಪಾಯ ಸುರಕ್ಷಿತವೇ?

ಎಫ್2 ಎಂದರೆ ಮರುನಾಮಕರಣ. ಹೆಸರಿರುವ ಜಾಗ ತಿದ್ದುವ ಪೆಟ್ಟಿಗೆಯಾಗಿ ಬದಲಾಗುತ್ತದೆ, ಅಲ್ಲಿಂದ ಕಂಟ್ರೋಲ್ ಸಿ ಒತ್ತಿ ಹೆಸರನ್ನು ಎತ್ತಿಕೊಂಡು ಎಸ್ಕೇಪ್ ಒತ್ತಿ ಹೊರಬರಬೇಕು. ಎಸ್ಕೇಪ್ ಬದಲು ಎಂಟರ್ ಬಿದ್ದರೆ, ಅದೂ ನಡುವೆ ಒಂದು ಅಕ್ಷರ ತಪ್ಪಿ ಬಿದ್ದಿದ್ದರೆ, ಟೇಬಲ್‌ನ ಹೆಸರೇ ಬದಲಾಗುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಒಂದು ಸಂಜೆ ಕಂಟ್ರೋಲ್ ಸಿ ಒತ್ತುವ ಬದಲು ಪಕ್ಕದ ಕಂಟ್ರೋಲ್ ವಿ ಒತ್ತಿ, ಹಿಂದೆ ಕ್ಲಿಪ್‌ಬೋರ್ಡಿನಲ್ಲಿದ್ದ ಬೇರೊಂದು ಪದವನ್ನೇ ಕಾಲಂನ ಹೆಸರಾಗಿಸಿಬಿಟ್ಟಿದ್ದರು. ರಾತ್ರಿಯ ಲೋಡ್, ಅಂದರೆ ದತ್ತಾಂಶ ತುಂಬುವ ಕೆಲಸ, ಸೋತ ನಂತರವೇ ಅದು ಗೊತ್ತಾದದ್ದು. ಹೆಸರು ಬದಲಿಸುವ ಅನುಮತಿಯಿರುವ ಖಾತೆಯಿಂದ, ಅದರಲ್ಲೂ ಚಾಲ್ತಿಯಲ್ಲಿರುವ ಸರ್ವರ್ ಮೇಲೆ, ಈ ಉಪಾಯವನ್ನು ಬಳಸಲೇಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕ್ವೆರಿಯ ಫಲಿತಾಂಶವನ್ನು ಕಾಪಿ ಮಾಡಿದಾಗ ಮೌಲ್ಯಗಳು ಮಾತ್ರ ಬರುತ್ತವೆ, ಮೇಲಿನ ಕಾಲಂ ಹೆಸರುಗಳು ಬರುವುದಿಲ್ಲ. ಏನು ಮಾಡಬೇಕು?

ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ಕಂಟ್ರೋಲ್ ಸಿ ಬದಲು ಕಂಟ್ರೋಲ್ ಶಿಫ್ಟ್ ಸಿ ಒತ್ತಬೇಕು. ರೈಟ್ ಕ್ಲಿಕ್ ಮೆನುವಿನಲ್ಲಿ ಇದೇ 'ಕಾಪಿ ವಿತ್ ಹೆಡರ್ಸ್'. ಪ್ರತಿ ಬಾರಿಯೂ ಹೆಸರುಗಳು ಬರಬೇಕೆಂದರೆ 'ಆಪ್ಷನ್ಸ್' ಒಳಗಿನ 'ಕ್ವೆರಿ ರಿಸಲ್ಟ್ಸ್' ಭಾಗದಲ್ಲಿ, ಗ್ರಿಡ್‌ಗೆ ಸಂಬಂಧಿಸಿದ ಪುಟದಲ್ಲಿ, ಹೆಡರ್ ಸೇರಿಸುವ ಗುರುತು ಹಾಕಿ ಹೊಸ ಕ್ವೆರಿ ಕಿಟಕಿ ತೆರೆಯಬೇಕು. ಈಗಾಗಲೇ ತೆರೆದಿರುವ ಕಿಟಕಿಗೆ ಈ ಬದಲಾವಣೆ ತಾಗುವುದಿಲ್ಲ, ಅದನ್ನು ಮರೆತು 'ಸೆಟ್ಟಿಂಗ್ ಕೆಲಸ ಮಾಡುತ್ತಿಲ್ಲ' ಎನ್ನುವವರೇ ಹೆಚ್ಚು.

ಒರಾಕಲ್‌ನ ಎಸ್‌ಕ್ಯೂಎಲ್ ಡೆವಲಪರ್‌ನಲ್ಲಿಯೂ ಕಂಟ್ರೋಲ್ ಶಿಫ್ಟ್ ಸಿ ಇದೇ ಕೆಲಸ ಮಾಡುತ್ತದೆ. ಹೆಸರುಗಳು ಮಾತ್ರ ಬೇಕು, ದತ್ತಾಂಶ ಬೇಡ ಎಂದಿದ್ದರೆ, ಎಂದಿಗೂ ನಿಜವಾಗದ ಷರತ್ತೊಂದನ್ನು, ಉದಾಹರಣೆಗೆ 'ವೇರ್ 1 = 0' ಎಂದು, ಕ್ವೆರಿಗೆ ಸೇರಿಸಿ ಓಡಿಸಿದರೆ ಖಾಲಿ ಗ್ರಿಡ್ ಮತ್ತು ಅದರ ತಲೆಯ ಮೇಲೆ ಎಲ್ಲ ಹೆಸರುಗಳು ಸಿಗುತ್ತವೆ. ಆದರೆ ಖಾಲಿ ಗ್ರಿಡ್‌ನಿಂದ ಹೆಡರ್ ಕಾಪಿಯಾಗಲು ಕೆಲವು ತಂತ್ರಾಂಶಗಳು ಒಪ್ಪುವುದಿಲ್ಲ. ಆಗ ಒಂದೇ ಸಾಲು ಬರುವಂತೆ ಮಾಡಿ, ಪೇಸ್ಟ್ ಮಾಡಿದ ಮೇಲೆ ಆ ಸಾಲನ್ನು ಅಳಿಸಬೇಕು.

ಇಲ್ಲಿ ನೆನಪಿಡಬೇಕಾದ ಸಂಗತಿಯೊಂದಿದೆ. ಗ್ರಿಡ್‌ನ ತಲೆಬರಹ ಕಾಲಂನ ಹೆಸರೇ ಆಗಿರಬೇಕೆಂದಿಲ್ಲ. ಕ್ವೆರಿಯಲ್ಲಿ 'ಆ್ಯಸ್' ಬಳಸಿ ಕೊಟ್ಟ ಅಡ್ಡಹೆಸರು ಅಲ್ಲಿ ಕಾಣುತ್ತದೆ, ವ್ಯೂ (ಟೇಬಲ್‌ನಂತೆ ಬಳಸಲು ಹೆಸರಿಟ್ಟು ಉಳಿಸಿದ ಕ್ವೆರಿ) ಒಂದರಿಂದ ಬಂದಿದ್ದರೆ ವ್ಯೂ ಬರೆದವರು ಇಟ್ಟ ಹೆಸರು ಕಾಣುತ್ತದೆ. ಅದನ್ನೇ ಮೂಲ ಟೇಬಲ್‌ನ ಹೆಸರೆಂದು ದಸ್ತಾವೇಜಿಗೆ ಏರಿಸಿದರೆ ಮುಂದಿನವರು ಇಲ್ಲದ ಕಾಲಂಗಾಗಿ ಹುಡುಕಾಡಬೇಕಾಗುತ್ತದೆ.

ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನಲ್ಲಿ ಈ ಸೌಲಭ್ಯ ಎಲ್ಲಿದೆ?

ನ್ಯಾವಿಗೇಟರ್‌ನಲ್ಲಿ ಟೇಬಲ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ 'ಕಾಪಿ ಟು ಕ್ಲಿಪ್‌ಬೋರ್ಡ್' ಮೆನುವಿನಲ್ಲಿ ಬರಿಯ ಹೆಸರು, ಡೇಟಾಬೇಸ್ ಸಹಿತವಾದ ಉದ್ದ ಹೆಸರು, ಸೆಲೆಕ್ಟ್ ವಾಕ್ಯ, ಇನ್ಸರ್ಟ್ ವಾಕ್ಯ ಹೀಗೆ ಹಲವು ಬಗೆಗಳಿವೆ. ಪಕ್ಕದಲ್ಲಿಯೇ ಇರುವ 'ಸೆಂಡ್ ಟು ಎಸ್‌ಕ್ಯೂಎಲ್ ಎಡಿಟರ್' ಅದೇ ಪಠ್ಯವನ್ನು ನೇರವಾಗಿ ಕ್ವೆರಿ ಕಿಟಕಿಗೆ ಕಳಿಸುತ್ತದೆ. ಫಲಿತಾಂಶದ ಗ್ರಿಡ್‌ನಲ್ಲಿ 'ಕಾಪಿ ರೋ ವಿತ್ ನೇಮ್ಸ್' ಎಂಬ ಆಯ್ಕೆ ಹೆಸರುಗಳನ್ನೂ ಸೇರಿಸಿ ಕಾಪಿ ಮಾಡುತ್ತದೆ.

ಡಿಬೀವರ್, ಡೇಟಾಗ್ರಿಪ್, ಪಿಜಿಅಡ್ಮಿನ್ ಎಂಬ ಇತರ ಡೇಟಾಬೇಸ್ ತಂತ್ರಾಂಶಗಳನ್ನು ಬಳಸುವವರಿಗೆ?

ಡಿಬೀವರ್ ಈ ವಿಷಯದಲ್ಲಿ ಉದಾರಿ. ಎಡಬದಿಯ ಮರದಲ್ಲಿಯೇ ಶಿಫ್ಟ್ ಹಿಡಿದು ಹತ್ತಾರು ಕಾಲಂಗಳನ್ನು ಆರಿಸಿ ಕಂಟ್ರೋಲ್ ಸಿ ಒತ್ತಿದರೆ ಸಾಲಿಗೊಂದರಂತೆ ಹೆಸರುಗಳು ಪೇಸ್ಟ್ ಆಗುತ್ತವೆ. ಫಲಿತಾಂಶದ ಗ್ರಿಡ್‌ನಲ್ಲಿ 'ಅಡ್ವಾನ್ಸ್ಡ್ ಕಾಪಿ' ಆರಿಸಿದರೆ ಹೆಡರ್ ಬೇಕೇ, ನಡುವಿನ ಚಿಹ್ನೆ ಯಾವುದು ಎಂದು ಕೇಳುತ್ತದೆ.

ಡೇಟಾಗ್ರಿಪ್‌ನಲ್ಲಿ ಸೆಲೆಕ್ಟ್ ನಂತರದ ನಕ್ಷತ್ರ ಚಿಹ್ನೆಯ ಮೇಲೆ ಕರ್ಸರ್ ಇಟ್ಟು ಆಲ್ಟ್ ಎಂಟರ್ ಒತ್ತಿದರೆ 'ಎಕ್ಸ್‌ಪ್ಯಾಂಡ್ ಕಾಲಂ ಲಿಸ್ಟ್' ಎಂಬ ಸಲಹೆ ಬರುತ್ತದೆ. ಒಪ್ಪಿದ ಕೂಡಲೇ ನಕ್ಷತ್ರದ ಜಾಗದಲ್ಲಿ ಪೂರ್ತಿ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಹಲವು ಟೇಬಲ್‌ಗಳನ್ನು ಜೋಡಿಸಿದ ಕ್ವೆರಿಯಲ್ಲಿಯೂ ಇದು ಕೆಲಸ ಮಾಡುವುದರಿಂದ ಎಳೆದು ತರುವ ವಿಧಾನಕ್ಕಿಂತ ಇದು ಮೇಲು. ಪಿಜಿಅಡ್ಮಿನ್‌ನಲ್ಲಿ ಟೇಬಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಕ್ರಿಪ್ಟ್ಸ್' ಒಳಗಿನ 'ಸೆಲೆಕ್ಟ್ ಸ್ಕ್ರಿಪ್ಟ್' ಆರಿಸಿ.

ಒಂದಲ್ಲ, ಡೇಟಾಬೇಸ್‌ನ ಎಲ್ಲ ಟೇಬಲ್‌ಗಳ ಎಲ್ಲ ಕಾಲಂ ಹೆಸರುಗಳೂ ಬೇಕು. ಮೌಸ್‌ನಿಂದ ಇದು ಸಾಧ್ಯವೇ?

ಸಾಧ್ಯವಿದ್ದರೂ ಮಾಡಬಾರದು. ಡೇಟಾಬೇಸ್ ತನ್ನ ಟೇಬಲ್‌ಗಳ ವಿವರವನ್ನು ತನ್ನದೇ ಕೆಲವು ಟೇಬಲ್‌ಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮೇಲೆ ಹೇಳಿದ ಎಲ್ಲ ತಂತ್ರಾಂಶಗಳೂ ಎಡಬದಿಯ ಮರವನ್ನು ಕಟ್ಟುವುದು ಅದನ್ನೇ ಓದಿಕೊಂಡು. ನಾವೂ ನೇರವಾಗಿ ಅಲ್ಲಿಗೇ ಹೋಗಿ ಕೇಳಬಹುದು. ಹಲವು ಡೇಟಾಬೇಸ್‌ಗಳಲ್ಲಿ ಇದಕ್ಕಾಗಿ ಇರುವ ಭಾಗದ ಹೆಸರು 'ಇನ್ಫರ್ಮೇಶನ್ ಸ್ಕೀಮಾ'. ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ಮೂರರಲ್ಲಿಯೂ ಕೆಲಸ ಮಾಡುವ ಕ್ವೆರಿ ಬಾಯಲ್ಲಿ ಹೇಳಿದರೆ ಹೀಗಿರುತ್ತದೆ:

ಸೆಲೆಕ್ಟ್ ಟೇಬಲ್_ನೇಮ್, ಕಾಲಂ_ನೇಮ್, ಡೇಟಾ_ಟೈಪ್ ಫ್ರಮ್ ಇನ್ಫರ್ಮೇಶನ್_ಸ್ಕೀಮಾ.ಕಾಲಮ್ಸ್ ಆರ್ಡರ್ ಬೈ ಟೇಬಲ್_ನೇಮ್, ಆರ್ಡಿನಲ್_ಪೊಸಿಷನ್

ಕೊನೆಯ ಆರ್ಡರ್ ಬೈ ಭಾಗವನ್ನು ಬಿಡಬೇಡಿ. ಅದಿಲ್ಲದಿದ್ದರೆ ಕಾಲಂಗಳು ಟೇಬಲ್‌ನಲ್ಲಿರುವ ಕ್ರಮದಲ್ಲಿಯೇ ಬರುತ್ತವೆ ಎಂಬ ಭರವಸೆಯಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ 'ಟೇಬಲ್_ಸ್ಕೀಮಾ' ಎಂಬುದಕ್ಕೆ ಡೇಟಾಬೇಸ್ ಹೆಸರಿನ ಷರತ್ತನ್ನೂ ಹಾಕಬೇಕು, ಏಕೆಂದರೆ ಒಂದೇ ಸರ್ವರ್‌ನಲ್ಲಿ ಪರೀಕ್ಷೆಗೆಂದು ಇಟ್ಟ ಇನ್ನೊಂದು ಪ್ರತಿ ಇದ್ದರೆ ಪ್ರತಿ ಕಾಲಂ ಎರಡೆರಡು ಬಾರಿ ಬರುತ್ತದೆ, ಮತ್ತು ಪಟ್ಟಿ ಉದ್ದವಿದ್ದಾಗ ಅದು ಕಣ್ಣಿಗೆ ಬೀಳುವುದಿಲ್ಲ.

ಒರಾಕಲ್‌ನಲ್ಲಿ ಇನ್ಫರ್ಮೇಶನ್ ಸ್ಕೀಮಾ ಇಲ್ಲ. ಅಲ್ಲಿ ನಮ್ಮ ಸ್ವಂತ ಟೇಬಲ್‌ಗಳಿಗೆ 'ಯೂಸರ್_ಟ್ಯಾಬ್_ಕಾಲಮ್ಸ್', ನೋಡಲು ಅನುಮತಿ ಇರುವ ಎಲ್ಲಕ್ಕೂ 'ಆಲ್_ಟ್ಯಾಬ್_ಕಾಲಮ್ಸ್' ಎಂಬವು ಇದೇ ಪಾತ್ರ ವಹಿಸುತ್ತವೆ. ಕ್ರಮಕ್ಕೆ 'ಕಾಲಂ_ಐಡಿ' ಬಳಸಬೇಕು. ಎಸ್‌ಕ್ಯೂಲೈಟ್‌ನಲ್ಲಿ 'ಪ್ರಾಗ್ಮಾ ಟೇಬಲ್_ಇನ್ಫೊ' ಇದೆ.

ಇನ್ಫರ್ಮೇಶನ್ ಸ್ಕೀಮಾದಲ್ಲಿ ಕೆಲವು ಟೇಬಲ್‌ಗಳು ಕಾಣಿಸುವುದೇ ಇಲ್ಲ. ಅವು ಎಲ್ಲಿ ಹೋದವು?

ಬಹುಪಾಲು ಸಂದರ್ಭಗಳಲ್ಲಿ ಇದು ಅನುಮತಿಯ ಪ್ರಶ್ನೆ: ನಿಮ್ಮ ಖಾತೆಗೆ ಯಾವ ಹಕ್ಕೂ ಇಲ್ಲದ ಟೇಬಲ್‌ಗಳನ್ನು ಅದು ತೋರಿಸುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇನ್ನೊಂದು ಕಾರಣವೆಂದರೆ, ಕಿಟಕಿಯ ಮೇಲ್ಭಾಗದ ಪಟ್ಟಿಯಲ್ಲಿ ಆರಿಸಿರುವ ಡೇಟಾಬೇಸ್ 'ಮಾಸ್ಟರ್' ಆಗಿಯೇ ಉಳಿದಿರುತ್ತದೆ, ನಾವು ಹುಡುಕುವುದು ಬೇರೆಯದನ್ನು. ಪೋಸ್ಟ್‌ಗ್ರೆಸ್‌ನಲ್ಲಿ ಮೆಟೀರಿಯಲೈಸ್ಡ್ ವ್ಯೂಗಳು, ಅಂದರೆ ಫಲಿತಾಂಶವನ್ನೂ ಉಳಿಸಿಟ್ಟುಕೊಳ್ಳುವ ವ್ಯೂಗಳು, ಇನ್ಫರ್ಮೇಶನ್ ಸ್ಕೀಮಾದಲ್ಲಿ ಬರುವುದೇ ಇಲ್ಲ. ಅವುಗಳ ಕಾಲಂಗಳಿಗಾಗಿ 'ಪಿಜಿ_ಆಟ್ರಿಬ್ಯೂಟ್' ಎಂಬ ಒಳಟೇಬಲನ್ನು ನೋಡಬೇಕು.

ಆ ಒಳಟೇಬಲ್‌ಗೆ ಮೊದಲ ಬಾರಿ ಹೋದವರು ಬೆಚ್ಚಿಬೀಳುವ ದೃಶ್ಯವೊಂದಿದೆ. ಕಾಲಂ ಹೆಸರುಗಳ ನಡುವೆ ಎಂಟು ಚುಕ್ಕಿಗಳು, 'ಪಿಜಿ.ಡ್ರಾಪ್ಡ್.3', ಮತ್ತೆ ಎಂಟು ಚುಕ್ಕಿಗಳು ಎಂಬಂಥ ಹೆಸರುಗಳು ಕಾಣುತ್ತವೆ. ಅಳಿಸಿದ ಕಾಲಂನ ಜಾಗವನ್ನು ಪೋಸ್ಟ್‌ಗ್ರೆಸ್ ಕೂಡಲೇ ಖಾಲಿ ಮಾಡುವುದಿಲ್ಲ, ಹೆಸರನ್ನು ಮಾತ್ರ ಹೀಗೆ ಬದಲಿಸಿ ಅಡಗಿಸಿಡುತ್ತದೆ. 'ಆಟ್‌ಈಸ್‌ಡ್ರಾಪ್ಡ್' ಸುಳ್ಳಾಗಿರುವ ಮತ್ತು 'ಆಟ್‌ನಮ್' ಸೊನ್ನೆಗಿಂತ ಹೆಚ್ಚಿರುವ ಸಾಲುಗಳನ್ನು ಮಾತ್ರ ಕೇಳಿದರೆ ಈ ಪಳೆಯುಳಿಕೆಗಳೂ ಹೋಗುತ್ತವೆ, ವ್ಯವಸ್ಥೆಯ ಸ್ವಂತ ಕಾಲಂಗಳೂ ಹೋಗುತ್ತವೆ.

ಸಾಲಿಗೊಂದರಂತೆ ಬಂದ ಹೆಸರುಗಳನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಾಗಿ ಜೋಡಿಸುವುದು ಹೇಗೆ?

ಕೈಯಿಂದ ಮಾಡುವುದಾದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅಥವಾ ವಿಎಸ್ ಕೋಡ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಯನ್ನು ಗುರುತು ಮಾಡಿ ಸಾಲಿನ ಕೊನೆಯ ಚಿಹ್ನೆಯನ್ನು ಅಲ್ಪವಿರಾಮಕ್ಕೆ ಬದಲಿಸಬಹುದು. ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ಆಲ್ಟ್ ಹಿಡಿದು ಮೌಸನ್ನು ನೇರ ಕೆಳಕ್ಕೆ ಎಳೆದರೆ ಲಂಬವಾದ ಆಯ್ಕೆ ಸಿಗುತ್ತದೆ; ಆಗ ಒಂದು ಅಲ್ಪವಿರಾಮ ಟೈಪ್ ಮಾಡಿದರೆ ಎಲ್ಲ ಸಾಲುಗಳಲ್ಲಿಯೂ ಅದು ಮೂಡುತ್ತದೆ.

ಆದರೆ ಈ ಕೆಲಸವನ್ನು ಡೇಟಾಬೇಸ್‌ಗೇ ಬಿಡುವುದು ವಾಸಿ. ಪೋಸ್ಟ್‌ಗ್ರೆಸ್‌ನಲ್ಲಿ 'ಸ್ಟ್ರಿಂಗ್_ಆ್ಯಗ್', ಎಸ್‌ಕ್ಯೂಎಲ್ ಸರ್ವರ್ 2017 ಮತ್ತು ನಂತರದವುಗಳಲ್ಲಿಯೂ ಅದೇ ಹೆಸರಿನ ಫಂಕ್ಷನ್, ಒರಾಕಲ್‌ನಲ್ಲಿ 'ಲಿಸ್ಟ್‌ಆ್ಯಗ್', ಮೈಎಸ್‌ಕ್ಯೂಎಲ್‌ನಲ್ಲಿ 'ಗ್ರೂಪ್_ಕಾನ್ಕ್ಯಾಟ್'. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಆವೃತ್ತಿಗಳಲ್ಲಿ 'ಫಾರ್ ಎಕ್ಸ್‌ಎಂಎಲ್ ಪಾತ್' ಮತ್ತು 'ಸ್ಟಫ್' ಎರಡನ್ನೂ ಸೇರಿಸಿ ಸುತ್ತುಬಳಸಿನ ದಾರಿ ಹಿಡಿಯಬೇಕಿತ್ತು.

ಇವುಗಳಲ್ಲಿ ಪ್ರತಿಯೊಂದಕ್ಕೂ ಉದ್ದದ ಮಿತಿಯಿದೆ, ಮತ್ತು ಮಿತಿ ಮೀರಿದಾಗ ಅವು ನಡೆದುಕೊಳ್ಳುವ ರೀತಿ ಒಂದೇ ಅಲ್ಲ. ಎಸ್‌ಕ್ಯೂಎಲ್ ಸರ್ವರ್ 8,000 ಬೈಟ್ ದಾಟಿದ ಕೂಡಲೇ ದೋಷ ಸಂದೇಶ ಕೊಟ್ಟು ನಿಲ್ಲುತ್ತದೆ. ಹೆಸರನ್ನು ಮೊದಲೇ 'ಎನ್‌ವಾರ್‌ಚಾರ್ ಮ್ಯಾಕ್ಸ್' ಆಗಿ ಪರಿವರ್ತಿಸಿದರೆ ಆ ತೊಂದರೆ ಇಲ್ಲ. ಒರಾಕಲ್ ಸಾಮಾನ್ಯ ಹೊಂದಿಕೆಯಲ್ಲಿ 4,000 ಬೈಟ್ ದಾಟಿದರೆ 01489 ಸಂಖ್ಯೆಯ ದೋಷ ಕೊಡುತ್ತದೆ. ಮೈಎಸ್‌ಕ್ಯೂಎಲ್ ಮಾತ್ರ ದೋಷ ಕೊಡುವುದಿಲ್ಲ. 'ಗ್ರೂಪ್_ಕಾನ್ಕ್ಯಾಟ್_ಮ್ಯಾಕ್ಸ್_ಲೆನ್' ಎಂಬ ಮಿತಿಯ ಪೂರ್ವನಿಗದಿತ ಮೌಲ್ಯ 1,024 ಬೈಟ್. ಅಲ್ಲಿಗೆ ತಲುಪಿದ ಕೂಡಲೇ ಅದು ಪಠ್ಯವನ್ನು ಕತ್ತರಿಸಿ, ಯಾರೂ ನೋಡದ ಮೂಲೆಯಲ್ಲಿ ಒಂದು ವಾರ್ನಿಂಗ್ ಬರೆದು ಸುಮ್ಮನಾಗುತ್ತದೆ. ಸರಾಸರಿ 15 ಅಕ್ಷರದ ಹೆಸರು, ಅದರ ಜೊತೆ ಒಂದು ಅಲ್ಪವಿರಾಮ ಎಂದು ಲೆಕ್ಕ ಹಾಕಿದರೆ 64 ಕಾಲಂಗಳಿಗೆ ಜಾಗ ಮುಗಿಯಿತು.

ನಾನು ಇದಕ್ಕೆ ಸಿಕ್ಕಿಬಿದ್ದದ್ದು ಎಪ್ಪತ್ತಕ್ಕೂ ಹೆಚ್ಚು ಕಾಲಂಗಳಿದ್ದ ಒಂದು ಟೇಬಲ್‌ನಲ್ಲಿ. ಪಟ್ಟಿಯ ಕೊನೆಯ ಹೆಸರು ಅರ್ಧಕ್ಕೆ ತುಂಡಾಗಿತ್ತು, ಹಾಗಾಗಿ ಕ್ವೆರಿ ಸೋತಿತು, ಹಾಗಾಗಿ ತಪ್ಪು ಗೊತ್ತಾಯಿತು. ಕತ್ತರಿ ಸರಿಯಾಗಿ ಒಂದು ಹೆಸರಿನ ಕೊನೆಗೆ ಬಿದ್ದಿದ್ದರೆ ಕ್ವೆರಿ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು, ಉಳಿದ ಕಾಲಂಗಳ ದತ್ತಾಂಶ ಹೊಸ ಟೇಬಲ್‌ಗೆ ಹೋಗುತ್ತಲೇ ಇರಲಿಲ್ಲ. ಅಂದಿನಿಂದ ನಾನು ಆ ಸೆಶನ್‌ನ (ಡೇಟಾಬೇಸ್ ಜೊತೆಗಿನ ಆ ಹೊತ್ತಿನ ಸಂಪರ್ಕದ) ಮಿತಿಯನ್ನು ಮೊದಲು ಹೆಚ್ಚಿಸುತ್ತೇನೆ, ಆಮೇಲೆ ಅಲ್ಪವಿರಾಮಗಳನ್ನು ಎಣಿಸಿ ಒಂದು ಕೂಡಿದ ಸಂಖ್ಯೆ ಕಾಲಂಗಳ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡುತ್ತೇನೆ. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿ ತನ್ನ 10.2.4ನೇ ಆವೃತ್ತಿಯಿಂದ ಈ ಮಿತಿಯನ್ನು ಸುಮಾರು ಹತ್ತು ಲಕ್ಷಕ್ಕೆ ಏರಿಸಿದೆ. ಮೈಎಸ್‌ಕ್ಯೂಎಲ್ ಇನ್ನೂ ಏಕೆ ಏರಿಸಿಲ್ಲ ಎಂಬುದು ನನಗೆ ಅರ್ಥವಾಗದ ಸಂಗತಿ.

ಕಾಪಿ ಮಾಡಿದ ಹೆಸರು ಸರಿಯಾಗಿಯೇ ಇದ್ದರೂ 'ಅಂಥ ಕಾಲಂ ಇಲ್ಲ' ಎಂಬ ಸಂದೇಶ ಬರುತ್ತದೆ. ಏಕೆ?

ಹೆಚ್ಚಾಗಿ ಇದು ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳ ಸಮಸ್ಯೆ. ಉದ್ಧರಣ ಚಿಹ್ನೆಯಿಲ್ಲದೆ ಬರೆದ ಹೆಸರನ್ನು ಪೋಸ್ಟ್‌ಗ್ರೆಸ್ ಚಿಕ್ಕಕ್ಷರಕ್ಕೆ ಇಳಿಸಿಕೊಳ್ಳುತ್ತದೆ, ಒರಾಕಲ್ ದೊಡ್ಡಕ್ಷರಕ್ಕೆ ಏರಿಸಿಕೊಳ್ಳುತ್ತದೆ. ಟೇಬಲ್ ಸೃಷ್ಟಿಸಿದವರು ಜೋಡಿ ಉದ್ಧರಣದೊಳಗೆ ಮಿಶ್ರ ಅಕ್ಷರಗಳಲ್ಲಿ ಹೆಸರಿಟ್ಟಿದ್ದರೆ ನಾವು ಬಳಸುವಾಗಲೂ ಉದ್ಧರಣ ಬೇಕೇ ಬೇಕು. ಮರದಿಂದ ಕಾಪಿ ಮಾಡಿದಾಗ ಬರುವುದು ಬರಿಯ ಹೆಸರಾದ್ದರಿಂದ ಉದ್ಧರಣ ಬಿಟ್ಟುಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 'ಕೋಟ್_ಐಡೆಂಟ್', ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಕೋಟ್‌ನೇಮ್' ಎಂಬ ಫಂಕ್ಷನ್‌ಗಳ ಮೂಲಕ ಹೆಸರುಗಳನ್ನು ಹಾಯಿಸಿ ಪಟ್ಟಿ ತೆಗೆದರೆ ಈ ತೊಂದರೆ ಬರುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂ ಹೆಸರುಗಳಿಗೆ ಈ ಭೇದವಿಲ್ಲ, ಆದರೆ ಟೇಬಲ್ ಹೆಸರುಗಳಿಗೆ ಲಿನಕ್ಸ್‌ನಲ್ಲಿ ಇದೆ, ವಿಂಡೋಸ್‌ನಲ್ಲಿ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಓಡಿದ ಕ್ವೆರಿ ಸರ್ವರ್‌ನಲ್ಲಿ ಸೋಲುವುದು ಹೀಗೆ.

ಎಕ್ಸೆಲ್‌ನಲ್ಲಿ ಪೇಸ್ಟ್ ಮಾಡಿದಾಗ ಕೆಲವು ಕಾಲಂ ಹೆಸರುಗಳು ದಿನಾಂಕಗಳಾಗಿ ಬದಲಾಗುತ್ತವೆ. ತಡೆಯುವುದು ಹೇಗೆ?

ಏಪ್ರಿಲ್ ತಿಂಗಳ ಮೂರು ಇಂಗ್ಲಿಷ್ ಅಕ್ಷರಗಳು ಮತ್ತು 24 ಸೇರಿಸಿ ಹೆಸರಿಟ್ಟ ಕಾಲಂ ಎಕ್ಸೆಲ್‌ಗೆ ಏಪ್ರಿಲ್ 24ನೇ ತಾರೀಕಾಗಿ ಕಾಣುತ್ತದೆ. ತಿಂಗಳಿಗೊಂದು ಕಾಲಂ ಇರುವ ಲೆಕ್ಕಪತ್ರದ ಟೇಬಲ್‌ಗಳಲ್ಲಿ ಇದು ಸಾಲುಸಾಲಾಗಿ ಆಗುತ್ತದೆ. 1ಇ5 ಎಂಬಂಥ ಸಮೀಕ್ಷಾ ಸಂಕೇತವನ್ನು ಅದು 1,00,000 ಎಂಬ ಸಂಖ್ಯೆಯೆಂದು ತಿಳಿಯುತ್ತದೆ. ಪೇಸ್ಟ್ ಮಾಡುವ ಮೊದಲೇ ಆ ಕೋಶಗಳನ್ನು 'ಟೆಕ್ಸ್ಟ್' ಮಾದರಿಗೆ ಬದಲಿಸಬೇಕು. ಪೇಸ್ಟ್ ಮಾಡಿದ ಮೇಲೆ ಬದಲಿಸಿದರೆ ಮೂಲ ಹೆಸರು ಮರಳಿ ಬರುವುದಿಲ್ಲ. ಇದನ್ನು ಸಣ್ಣ ಕಿರಿಕಿರಿ ಎನ್ನುವವರಿಗೆ ಒಂದು ಮಾತು: ಮನುಷ್ಯರ ಜೀನ್‌ಗಳಿಗೆ ಹೆಸರು ನಿಗದಿಪಡಿಸುವ ಸಮಿತಿ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಎಕ್ಸೆಲ್ ದಿನಾಂಕವಾಗಿಸುತ್ತಿದ್ದ 'ಮಾರ್ಚ್1', 'ಸೆಪ್ಟ್1' ಥರದ ಹೆಸರುಗಳನ್ನೇ ಕೈಬಿಟ್ಟು 'ಮಾರ್ಚ್‌ಎಫ್1', 'ಸೆಪ್ಟಿನ್1' ಎಂಬಂಥ ಹೊಸವನ್ನು ತಂದಿತು.

ಅಡ್ಡಕ್ಕೆ ಬಂದ ಹೆಸರುಗಳನ್ನು ಉದ್ದಕ್ಕೆ ತಿರುಗಿಸಲು 'ಪೇಸ್ಟ್ ಸ್ಪೆಷಲ್' ಒಳಗಿನ 'ಟ್ರಾನ್ಸ್‌ಪೋಸ್' ಬಳಸಿ.

ವರ್ಡ್ ಕಡತದಲ್ಲಿ ಪೇಸ್ಟ್ ಮಾಡಿದ ಕಾಲಂ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತವೆ. ಹೆಸರುಗಳು ಹಾಳಾದವೇ?

ಹಾಳಾಗಿಲ್ಲ. ಆ ಕಡತ ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿದೆ. ಅಂಥ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಚಿತ್ರಗಳನ್ನು ಅಂಟಿಸಿಕೊಂಡಿರುವುದರಿಂದ, ಪೇಸ್ಟ್ ಆದ ಇಂಗ್ಲಿಷ್ ಹೆಸರು ಕನ್ನಡದ ಕಲಸುಮೇಲೋಗರವಾಗಿ ಕಾಣುತ್ತದೆ. ಹೆಸರುಗಳನ್ನು ಆರಿಸಿ ಕೊರಿಯರ್ ನ್ಯೂ ಅಥವಾ ಕನ್ಸೋಲಾಸ್ ಫಾಂಟ್‌ಗೆ ಬದಲಿಸಿದರೆ ಅವು ಮೊದಲಿನಂತೆ ಕಾಣುತ್ತವೆ. ತಿದ್ದಲೆಂದು ಆ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಅಳಿಸಲು ಹೋಗಬೇಡಿ.

ವರ್ಡ್‌ನಿಂದ ಹಿಂದಿರುಗಿ ಕ್ವೆರಿಗೆ ಪೇಸ್ಟ್ ಮಾಡುವಾಗ ಅಪಾಯ ಬೇರೆ ಬಗೆಯದು. ನೇರ ಉದ್ಧರಣ ಚಿಹ್ನೆಗಳನ್ನು ವರ್ಡ್ ಬಾಗಿದ ಚಿಹ್ನೆಗಳಾಗಿ ತಿದ್ದಿರುತ್ತದೆ, ಡೇಟಾಬೇಸ್ ಅವನ್ನು ಒಪ್ಪುವುದಿಲ್ಲ.

ಕಾಲಂ ಹೆಸರುಗಳೇ ಕನ್ನಡದಲ್ಲಿದ್ದರೆ ಕಾಪಿ ಮಾಡುವಾಗ ಏನನ್ನು ಗಮನಿಸಬೇಕು?

ಇಂದಿನ ಪ್ರಮುಖ ಡೇಟಾಬೇಸ್‌ಗಳಲ್ಲಿ ಕನ್ನಡದ ಹೆಸರುಗಳಿಗೆ ಅಡ್ಡಿಯಿಲ್ಲ, ಆದರೆ ಲೆಕ್ಕ ಬೇರೆ. ಪೋಸ್ಟ್‌ಗ್ರೆಸ್ ಒಂದು ಹೆಸರಿಗೆ 63 ಬೈಟ್ ಕೊಡುತ್ತದೆ. ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಮತ್ತು ಕಾಗುಣಿತದ ಚಿಹ್ನೆಗಳೂ ಒತ್ತಕ್ಷರದ ನಡುವಿನ ವಿರಾಮವೂ ಬೇರೆ ಬೇರೆ ಸಂಕೇತಗಳೇ. ಹೀಗಾಗಿ ಸಿಗುವುದು ಒಟ್ಟು 21 ಸಂಕೇತ. 'ಗ್ರಾಹಕರ_ದೂರವಾಣಿ_ಸಂಖ್ಯೆ' ಎಂಬ ಹೆಸರು ಆಗಲೇ 62 ಬೈಟ್ ಆಗುತ್ತದೆ. ಅದಕ್ಕೆ ಅಂಡರ್‌ಸ್ಕೋರ್ ಸೇರಿಸಿ 1 ಮತ್ತು 2 ಎಂದು ಎರಡು ಕಾಲಂ ಮಾಡಲು ಹೊರಟರೆ ಕೊನೆಯ ಅಂಕಿ ಎರಡರಲ್ಲಿಯೂ ಕತ್ತರಿಸಿಹೋಗಿ, ಒಂದೇ ಹೆಸರನ್ನು ಎರಡು ಬಾರಿ ಕೊಟ್ಟಿದ್ದೀರಿ ಎಂದು ಪೋಸ್ಟ್‌ಗ್ರೆಸ್ ದೂರುತ್ತದೆ. ಮೈಎಸ್‌ಕ್ಯೂಎಲ್‌ನ 64 ಮತ್ತು ಎಸ್‌ಕ್ಯೂಎಲ್ ಸರ್ವರ್‌ನ 128 ಬೈಟ್‌ಗಳಲ್ಲ, ಅಕ್ಷರಸಂಕೇತಗಳು, ಹಾಗಾಗಿ ಅಲ್ಲಿ ಉಸಿರಾಡಲು ಜಾಗವಿದೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. 'ಇಮೇಲ್' ಎಂದು ವಿರಾಮದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಟೈಪಿಂಗ್ ಸಾಧನಗಳು ಶೂನ್ಯ ಅಗಲದ ಒಂದು ಸಂಕೇತವನ್ನು ಸೇರಿಸುತ್ತವೆ. ತೆರೆಯ ಮೇಲೆ ಎರಡೂ 'ಇಮೇಲ್' ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. 'ಕೋ' ಎಂಬ ಅಕ್ಷರದ ದೀರ್ಘ ಓತ್ವವನ್ನೂ ಒಂದೇ ಸಂಕೇತವಾಗಿ ಇಲ್ಲವೇ ಮೂರು ಸಂಕೇತಗಳ ಜೋಡಣೆಯಾಗಿ ಬರೆಯಲು ಯೂನಿಕೋಡ್ ಅವಕಾಶ ಕೊಡುತ್ತದೆ. ಆದ್ದರಿಂದ ಕನ್ನಡದ ಹೆಸರನ್ನು ಮತ್ತೆ ಟೈಪ್ ಮಾಡುವ ಪ್ರಶ್ನೆಯೇ ಇಲ್ಲ, ಕಾಪಿಯೇ ಆಗಬೇಕು. ನನ್ನ ಸಲಹೆ ಕೇಳುವುದಾದರೆ, ಕಾಲಂ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಟ್ಟು ಕನ್ನಡದ ವಿವರಣೆಯನ್ನು ಕಾಲಂನ ಟಿಪ್ಪಣಿಯಲ್ಲಿ ಬರೆಯುವುದು ಎಲ್ಲರಿಗೂ ಹಿತ.

ಆ ಕನ್ನಡ ಟಿಪ್ಪಣಿಗಳನ್ನೂ ಹೆಸರುಗಳ ಜೊತೆ ತೆಗೆಯಬಹುದೇ?

ತೆಗೆಯಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಮೇಲಿನ ಕ್ವೆರಿಗೇ 'ಕಾಲಂ_ಕಾಮೆಂಟ್' ಸೇರಿಸಿದರೆ ಸಾಕು, ಒರಾಕಲ್‌ನಲ್ಲಿ 'ಆಲ್_ಕೋಲ್_ಕಾಮೆಂಟ್ಸ್' ಜೋಡಿಸಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅವು 'ಎಂಎಸ್_ಡಿಸ್ಕ್ರಿಪ್ಶನ್' ಎಂಬ ಹೆಸರಿನ ಎಕ್ಸ್‌ಟೆಂಡೆಡ್ ಪ್ರಾಪರ್ಟಿಯಾಗಿರುತ್ತವೆ. ಬರೆಯುವಾಗ ಉದ್ಧರಣದ ಮುಂದೆ ದೊಡ್ಡ 'ಎನ್' ಅಕ್ಷರ ಹಾಕದಿದ್ದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಸಿಎಸ್‌ವಿ ಕಡತವಾಗಿ ಉಳಿಸಿ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡ ಕೆಟ್ಟು ಕಂಡರೆ, 'ಡೇಟಾ' ಮೆನುವಿನ 'ಫ್ರಮ್ ಟೆಕ್ಸ್ಟ್' ಮೂಲಕ 65001 (ಅಂದರೆ ಯುಟಿಎಫ್-8) ಎಂಬ ಸಂಕೇತ ಪದ್ಧತಿಯನ್ನು ಆರಿಸಿ ತೆರೆಯಿರಿ.

ಹೆಸರುಗಳನ್ನು ಸ್ಕ್ರೀನ್‌ಶಾಟ್ ಆಗಿ ಕಳಿಸಿದ್ದಾರೆ. ಚಿತ್ರದಿಂದ ಪಠ್ಯ ತೆಗೆದರೆ ನಂಬಬಹುದೇ?

ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್ ಈಗ ಚಿತ್ರದೊಳಗಿನ ಪಠ್ಯವನ್ನು ಎತ್ತಿ ಕೊಡುತ್ತದೆ, ಆದರೆ ಚಿಕ್ಕ 'ಎಲ್' ಮತ್ತು 1, 'ಓ' ಮತ್ತು 0 ಅದಲುಬದಲಾಗುತ್ತವೆ, ಜೋಡಿ ಅಂಡರ್‌ಸ್ಕೋರ್ ಒಂದಾಗುತ್ತದೆ. ತೆಗೆದ ಪಟ್ಟಿಯನ್ನು ತಾತ್ಕಾಲಿಕ ಟೇಬಲ್ ಒಂದಕ್ಕೆ ಹಾಕಿ ಇನ್ಫರ್ಮೇಶನ್ ಸ್ಕೀಮಾದ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಹೊಂದದೆ ಉಳಿದ ಹೆಸರುಗಳನ್ನು ಊಹಿಸಿ ತಿದ್ದುವ ಬದಲು ಕಳಿಸಿದವರಿಗೇ ಹಿಂದಿರುಗಿಸಿ, ಈ ಬಾರಿ ಪಠ್ಯವಾಗಿ ಕಳಿಸಲು ಕೇಳಿ.